ಪರದೆಯ ಹಿಂದೆ ಮಡಿಲಕ್ಕಿ

ಕೊರೊನಾ ಕಳೆದ ಮರುವರ್ಷ. ಚಿತ್ರದುರ್ಗದ ಒಂದು ಪತ್ರಿಕೆಯಲ್ಲಿ ಭಾನುವಾರದ ಕಥೆಯ ಪುಟ ನನ್ನ ಪಾಲಿಗಿತ್ತು. ಯಲ್ಲದಕೆರೆಯಲ್ಲಿ ಬ್ಲೌಸ್ ಹೊಲಿಯುವ ತಿಪ್ಪಮ್ಮ ಎಂಬವರು ಒಂದೇ ಕಥೆಯನ್ನು ಮೂರು ಸಲ ಕಳಿಸಿದರು. ಅಕ್ಕ ತಂಗಿಯರ ಕಥೆ. ‘ಅವಳ ಹೃದಯ ದುಃಖಸಾಗರವಾಯಿತು’ ಎಂಬಂಥ ಮಾತುಗಳು ತುಂಬಿದ್ದವು, ಕಣ್ಣಿಗೆ ಕಟ್ಟುವುದು ಒಂದೂ ಇರಲಿಲ್ಲ. ಮೂರು ಸಲವೂ ಹಿಂದಿರುಗಿಸಿದೆ.

ಕೊನೆಗೆ ಅವರೇ ಬಸ್ಸು ಹತ್ತಿ ಆಫೀಸಿಗೆ ಬಂದರು. ಅದು ಅವರದೇ ಕಥೆಯಂತೆ. ತಂಗಿ, ಮನೆಯವರಿಗೆ ಬೇಡವಾದ ಹುಡುಗನನ್ನು ಮೆಚ್ಚಿ ಮದುವೆಯಾಗಿದ್ದಳು. ಒಮ್ಮೆ ತವರಿಗೆ ಬಂದು ಹೋದವಳು ಆಮೇಲೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಹೊಸದುರ್ಗದಲ್ಲಿ ಅವಳ ಗಂಡನ ಅಂಗಡಿಗೆ ನಮ್ಮ ಪತ್ರಿಕೆ ಹೋಗುತ್ತಿತ್ತು. ತಿಪ್ಪಮ್ಮನಿಗೆ ಉಳಿದದ್ದು ಆ ಒಂದೇ ದಾರಿ.

ನಮ್ಮಜ್ಜಿ ಕಥೆ ಹೇಳುವಾಗ ‘ಬೇಜಾರಾಯಿತು’ ಅಂದವಳಲ್ಲ, ‘ಅವತ್ತು ಒಲೆ ಹಚ್ಚಲಿಲ್ಲ’ ಅನ್ನುತ್ತಿದ್ದಳು. ಅದೇ ಧೈರ್ಯದ ಮೇಲೆ, ತಂಗಿ ಆ ಸಲ ಬಂದು ಹೊರಟ ಹೊತ್ತಿನಲ್ಲಿ ಏನೇನು ನಡೆಯಿತೋ ಅಷ್ಟನ್ನೇ ಹೇಳಿ ಎಂದೆ.

ನಮ್ಮ ಕಡೆ ತವರಿನಿಂದ ಹೊರಟ ಹೆಣ್ಣಿನ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿ ಕಳಿಸುತ್ತಾರೆ. ಅದೇ ಮಡಿಲಕ್ಕಿ. ತಾಯಿ ಇಲ್ಲದ ಮನೆಯಲ್ಲಿ ಅದನ್ನು ತುಂಬಬೇಕಾದವರು ತಿಪ್ಪಮ್ಮನೇ.

“ಮೊರದಾಗೆ ಅಕ್ಕಿ ಹಾಕ್ಕಂಡಿದ್ದೆ ಸಾರ್. ಅಡಿಗೆಮನೆ ಪರದೆ ಹಿಂದೆ ನಿಂತೆ. ಸಿಟ್ಟು, ಈಚೆಗೆ ಬರಲಿಲ್ಲ. ಅವಳು ಪಡಸಾಲೆಯಾಗೆ ನಿಂತೇ ಇದ್ಲು. ಬಸ್ಸಿನ ಹಾರನ್ ಆಯ್ತು, ಹೋದ್ಲು.”

“ಇದನ್ನೇ ಬರೀರಿ.”

“ಬರೆದ್ರೆ ಊರ ಮುಂದೆ ನಾನು ಸಣ್ಣೋಳಾಗ್ತೀನಲ್ಲ?”

“ಆಗ್ತೀರಮ್ಮ. ಆದ್ರೆ ತಂಗಿ ಓದ್ತಾರೆ.”

ಬ್ಯಾಗಿನ ಜಿಪ್ಪು ಎಳೆದುಕೊಂಡು ಎದ್ದು ಹೋದರು. ವಾರದೊಳಗೆ ಎರಡು ಹಾಳೆ ಬಂತು. ಪರದೆ, ಮೊರ, ಹಾರನ್, ಅಷ್ಟೇ. ದುಃಖ ಎಂಬ ಪದವೇ ಇರಲಿಲ್ಲ. ಒಂದಕ್ಷರ ಮುಟ್ಟದೆ ಅಚ್ಚಿಗೆ ಕಳಿಸಿದೆ.

ಅದು ಪ್ರಕಟವಾದ ಮರುದಿನ ತಿಪ್ಪಮ್ಮ ಫೋನ್ ಮಾಡಿದರು. ತಂಗಿಯೇ ಅವರಿಗೆ ಫೋನ್ ಮಾಡಿ ಮಾತಾಡಿದ್ದಳಂತೆ. ಏನಂದರು ಎಂದು ಕೇಳಿದೆ.

“‘ಪರದೆ ಕೆಳಗೆ ನಿನ್ನ ಕಾಲು ಕಾಣ್ತಿದ್ವು ಕಣಕ್ಕ. ಈಗ ಬರ್ತೀಯ, ಈಗ ಬರ್ತೀಯ ಅಂತ್ಲೇ ನಿಂತಿದ್ದೆ’ ಅಂದ್ಲು ಸಾರ್. ಆಮೇಲೆ ಇಟ್ಬಿಟ್ಲು.”

ಕಥೆಯಲ್ಲಿ ದೃಶ್ಯ ಹೇಗೆ ಕಟ್ಟಬೇಕೆಂದು ಇಂದಿಗೂ ಕೆಲವರು ನನ್ನನ್ನು ಕೇಳುತ್ತಾರೆ. ನೀವು ನಿಂತಲ್ಲಿಂದ ಕಂಡಷ್ಟನ್ನು ಮುಚ್ಚಿಡದೆ ಬರೆಯಿರಿ, ಆಚೆ ಕಡೆ ನಿಂತಿದ್ದವರು ಉಳಿದದ್ದನ್ನು ಹೇಳುತ್ತಾರೆ ಎನ್ನುತ್ತೇನೆ. ಆ ಪುಟದ ಕೆಲಸ ನನಗೆ ಕಲಿಸಿದ್ದು ಇಷ್ಟೇ. ತಂಗಿ ಇನ್ನೂ ಯಲ್ಲದಕೆರೆಗೆ ಬಂದಿಲ್ಲ. ಹೊಸದುರ್ಗದ ಬಸ್ಸು ಬರುವ ಹೊತ್ತಿಗೆ ತಿಪ್ಪಮ್ಮ ಈಗ ಹೊಲಿಗೆ ಯಂತ್ರವನ್ನು ಪಡಸಾಲೆಗೆ ತಂದಿಟ್ಟುಕೊಂಡು ಕೂರುತ್ತಾರಂತೆ.