ಕಾಲರಿನೊಳಗಿನ ಯೂಡೋರಾ

ಕೆರಿಬಿಯನ್ನಿನ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಹುಟ್ಟಿದ ನಮ್ಮ ವರ್ಲೀನ್ ಆಂಟಿ ಲಂಡನ್ನಿನ ನಾಟಕ, ಸಿನಿಮಾಗಳಲ್ಲಿ ನಲವತ್ತು ವರ್ಷ ಹೆಸರಿಲ್ಲದ ಕೆಲಸದವಳಾಗಿಯೇ ನಟಿಸಿದಳು. ನೆಲ ಒರೆಸಿದಂತೆ ಮಾಡು ಎಂದರೆ ನಿಜಕ್ಕೂ ಒರೆಸುವಳು. ನಾಯಕ ಪ್ರಾಣ ಬಿಡುತ್ತಿದ್ದರೂ "ಸ್ವಲ್ಪ ಕಾಲೆತ್ತಿ ಸಾರ್" ಎನ್ನುವಳು. ಪ್ರತಿ ಉಡುಪಿನ ಕಾಲರಿನೊಳಗೂ ಕೆಂಪು ದಾರದಲ್ಲಿ 'ಯೂಡೋರಾ' ಎಂದು ಹೊಲಿಯುವಳು. ಉಡುಪು ತೊಡಿಸುವ ನಾನು ಅದ್ಯಾರೆಂದು ಕೇಳಿದರೆ, "ಕೆಲಸದವಳಿಗೂ ಒಂದು ಹೆಸರು ಬೇಡ್ವೇನೇ?" ಎಂದು ಗದರುವಳು. ಅರವತ್ತೆಂಟಕ್ಕೆ ಕೊನೆಗೂ ರಾಣಿಯ ಪಾತ್ರ ಸಿಕ್ಕಿತು. ಇಂದು ಮೊದಲ ಪ್ರದರ್ಶನಕ್ಕೆ ನಿಲುವಂಗಿಯ ಕಾಲರು ಬಿಡಿಸಿದವಳು ದಂಗಾದೆ: ಅಲ್ಲೂ ಯೂಡೋರಾ! "ಅಯ್ಯೋ ಆಂಟಿ, ರಾಣಿಗೆ ಹೆಸರಿದೆಯಲ್ಲ!" "ಅದು ನಮ್ಮಮ್ಮನ ಹೆಸರು ಕಣೇ. ಲಂಡನ್ನಿಗೆ ಬಂದ್ಮೇಲೆ ಮೂವತ್ತು ವರ್ಷ ಇದೇ ರಂಗ ಒರೆಸಿದ್ಲು. ಪರದೆ ಏಳೋಕ್ ಮೊದ್ಲೇ ಹೊರಗೆ ಕಳಿಸ್ತಿದ್ರು." ನಾನು ನಿಲುವಂಗಿಯನ್ನು ಅವಳ ಹೆಗಲಿಗೇರಿಸಿದೆ. "ಗುಂಡಿ ಹಾಕೇ. ಇವತ್ತು ಎಲ್ರೂ ಅವಳಿಗೆ ಮಂಡಿಯೂರ್ಲಿ."