ಬಾಯಿ ಮುಚ್ಚಿ ನಗುವ ಚಂದನ

ದೇವನಹಳ್ಳಿ ಬಳಿಯ ವಿಜಯಪುರದ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಗೂಡು ಆರಿಸುವ ಕೆಲಸಕ್ಕೆ ರುಕ್ಮಿಣಮ್ಮ ಸೇರಿ ಇಪ್ಪತ್ತೆಂಟು ವರ್ಷವಾಯಿತು. ರಾಶಿಯಲ್ಲಿ ಕೈಯಾಡಿಸಿದರೆ ಸಾಕು, ಕಲೆ ಬಿದ್ದದ್ದು, ಮೆತ್ತಗಾದದ್ದು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಎಲ್ಲ ತಾವಾಗಿಯೇ ಬೆರಳಿಗೆ ಸಿಗುತ್ತವೆ. ಅವನ್ನು ಪಕ್ಕದ ಬುಟ್ಟಿಗೆ ಎಸೆಯುತ್ತಾಳೆ. ತನ್ನ ಕಣ್ಣು ತಪ್ಪುವುದಿಲ್ಲ ಎಂಬ ಹೆಮ್ಮೆ ಅವಳಿಗಿತ್ತು. ಈಗ ಯಾರಾದರೂ ಆ ಮಾತೆತ್ತಿದರೆ ಸಿಡುಕುತ್ತಾಳೆ.

ಎಲ್ಲಕ್ಕೂ ಮೂಲ ದೇವನಹಳ್ಳಿಯ ಕಲ್ಯಾಣಮಂಟಪದಲ್ಲಿ ನಡೆದ ‘ಪುಟಾಣಿ ರಾಣಿ’ ಸೌಂದರ್ಯ ಸ್ಪರ್ಧೆ. ಸೊಸೆ ಶಿಲ್ಪ ಮೊಬೈಲಿನಲ್ಲಿ ಜಾಹೀರಾತು ನೋಡಿ ಆರು ವರ್ಷದ ಮಗಳು ಚಂದನಳ ಹೆಸರು ಕೊಟ್ಟಳು. ಅಂದಿನಿಂದ ಮಗುವಿಗೆ ಬಿಸಿಲು ಬೇಡ, ಕುಂಟೆಬಿಲ್ಲೆ ಬೇಡ, ಮಂಡಿ ತರಚೀತು. ಬೆಳಗ್ಗೆ ಮುಖಕ್ಕೆ ಕಡಲೆಹಿಟ್ಟು, ಸಂಜೆ ಹೈಹೀಲ್ಡ್ ಚಪ್ಪಲಿ ಮೆಟ್ಟಿ ನಡುಮನೆಯಲ್ಲಿ ನಡಿಗೆ. ಹಾಲು ಹಲ್ಲಿನ ಕೂಸಿಗೆ ಸೊಂಟ ತಿರುಗಿಸುವುದನ್ನು ಕಲಿಸುವವರಿಗೆ ಏನನ್ನಬೇಕು? ಮಗ ಅಂಬರೀಶನನ್ನು ಕೇಳಿದರೆ, “ಇರ್ಲಿ ಬಿಡಮ್ಮ, ಮಗೀಗೆ ಧೈರ್ಯ ಬರ್ತದೆ” ಅಂದ. ಧೈರ್ಯ ಬಂದರೆ ಬರಲಿ ಎಂದು ರುಕ್ಮಿಣಮ್ಮನೂ ಸುಮ್ಮನಾದಳು.

ಸ್ಪರ್ಧೆಯ ದಿನ ಬೆಳಗ್ಗೆ ಇಡ್ಲಿ ತಿನ್ನುವಾಗ ಚಂದನಳ ಮುಂದಿನ ಹಲ್ಲು ಬಿತ್ತು. ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆದು ಹೊಸ ಹಲ್ಲು ಬೇಡುವುದು ಈ ಕಡೆಯ ರೂಢಿ. ಅದನ್ನು ಬಿಟ್ಟು ಶಿಲ್ಪ ತಲೆಯ ಮೇಲೆ ಕೈ ಹೊತ್ತು ಕೂತಳು. ಸ್ಪರ್ಧೆಗೆ ತರಬೇತಿ ಕೊಡುತ್ತಿದ್ದ ಮೇಡಂ ಫೋನಿನಲ್ಲೇ ಉಪಾಯ ಹೇಳಿದರು. ಮಗು ತುಟಿ ಬಿಡದೆ ನಗಬೇಕು, ಸಂದು ಕಂಡರೆ ಅಂಕ ಹೋಗುತ್ತದೆ. ಮಗು ಅಳುತ್ತಿತ್ತು, ಹೊತ್ತಾಗುತ್ತಿತ್ತು. ಕೊನೆಗೆ ರುಕ್ಮಿಣಮ್ಮನೇ ಅದರ ಗಲ್ಲ ಹಿಡಿದು, “ಬಾಯಿ ಮುಚ್ಕೊಂಡು ನಗು ಮಗಾ, ಚೆನ್ನಾಗಿ ಕಾಣ್ತೀಯ” ಅಂದುಬಿಟ್ಟಳು.

ಬಹುಮಾನ ಬಾರದ್ದು ಹಾಳಾಗಿ ಹೋಗಲಿ. ಅಂದು ಮುಚ್ಚಿದ ಬಾಯನ್ನು ಮಗು ಮತ್ತೆ ತೆರೆದು ನಗಲೇ ಇಲ್ಲ. ಮೂರು ವಾರವಾಯಿತು. ನಗು ಬಂದರೆ ಅಂಗೈ ಅಡ್ಡ. ಶಾಲೆಯಲ್ಲಿ ಪದ್ಯ ಹೇಳು ಅಂದರೆ ತಲೆ ತಗ್ಗಿಸುತ್ತಾಳಂತೆ. ಅಜ್ಜಿ ಸಗಣಿಯುಂಡೆ ಹಿಡಿದು ಕರೆದರೂ ಹಲ್ಲು ಎಸೆಯಲು ಬರಲಿಲ್ಲ, ಕಾಗದದಲ್ಲಿ ಸುತ್ತಿ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಳು. ಸೊಸೆಗೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

“ಸರಿ ಹೋಗ್ತಾಳೆ ಬಿಡಿ ಅತ್ತೆ. ಡಿಸೆಂಬರಲ್ಲಿ ಇನ್ನೊಂದು ಕಾಂಪಿಟೇಶನ್ ಐತೆ, ಅಷ್ಟೊತ್ತಿಗೆ ಹಲ್ಲು ಬಂದಿರ್ತದೆ.”

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು ರುಕ್ಮಿಣಮ್ಮನಿಗೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಚಂದನ ಘಟಕಕ್ಕೇ ಬಂದಳು. ಅಜ್ಜಿಯ ಪಕ್ಕ ಕೂತು ಬಹಳ ಹೊತ್ತು ನೋಡಿದಳು.

“ಅವನ್ನ ಯಾಕಜ್ಜಿ ಆ ಬುಟ್ಟಿಗೆ ಹಾಕ್ತೀಯ?”

“ಅವು ಬೇಡದವು ಕಂದಾ.” ಕೈ ನಿಲ್ಲಿಸದೆಯೇ ಹೇಳಿದಳು.

ಸಂಜೆ ಬುಟ್ಟಿ ಸುರಿಯುವಾಗ ಕಲೆಬಿದ್ದ ಗೂಡುಗಳ ನಡುವೆ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಹಲ್ಲು.

“ಇದ್ಯಾಕೆ ಇಲ್ಲಿಗೆ ಹಾಕ್ದೆ?” ದನಿ ತಾನಾಗಿಯೇ ಏರಿತು.

“ಅದೂ ಬೇಡದ್ದೇ ಅಲ್ವಾ? ನೀನೇ ಬಾಯಿ ಮುಚ್ಕೋ ಅಂದ್ಯಲ್ಲ ಅಜ್ಜಿ.”

ರುಕ್ಮಿಣಮ್ಮನ ಕೋಪಕ್ಕೆ ಈಗ ಮೇಡಮ್ಮೂ ಸಿಗಲಿಲ್ಲ, ಸೊಸೆಯೂ ಸಿಗಲಿಲ್ಲ. ತನ್ನ ಮೇಲೆಯೇ ಅಸಹ್ಯವಾಯಿತು. ನೆಲದ ಮೇಲೆ ಕೂತು, ಎರಡು ಹಲ್ಲು ಬಿದ್ದ ತನ್ನ ಬಾಯನ್ನು ಅಗಲಿಸಿ ನಕ್ಕಳು. “ನೋಡು, ನಂಗೂ ಇಲ್ಲ. ನಾನು ನಗಲ್ವಾ?”

ಚಂದನ ನೋಡಿದಳು. ಅತ್ತಿತ್ತ ಯಾರಾದರೂ ಇದ್ದಾರೆಯೇ ಎಂದು ಕಣ್ಣಾಡಿಸಿದಳು. ಆಮೇಲೆ ಒಂದು ಕೈಯನ್ನು ತನ್ನ ಬಾಯಿಗೆ ಅಡ್ಡ ಹಿಡಿದುಕೊಂಡು, ಇನ್ನೊಂದು ಕೈ ಚಾಚಿ ಅಜ್ಜಿಯ ಬಾಯಿ ಮುಚ್ಚಿದಳು.