ಅಪ್ಪನ ಇಂಜಿನ್ ಸೈಕಲ್ಲಿನ ‘ಟಕ್’

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಸೈಕಲ್ ಅಂಗಡಿಯ ಬಲ್ಬಿನ ಕೆಳಗೆ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಈಚೆಗಷ್ಟೇ ಹಸಿರು ಬಣ್ಣ ಬಳಿದು ಒಣಗಿಸಿದ ಚೈನ್ ಕವರಿಗೆ ಒಳಗಿನಿಂದ ಸುತ್ತಿಗೆಯಲ್ಲಿ ಬಡಿಯುತ್ತಿದ್ದಾರೆ. ತಗಡು ಹೊರಕ್ಕೆ ಉಬ್ಬುತ್ತದೆ, ಹೊಸ ಬಣ್ಣ ಚಕ್ಕೆಯೇಳುತ್ತದೆ. ನಾನು ತಡೆಯಲಾರದೆ ಕೇಳುತ್ತೇನೆ.

"ಅಯ್ಯೋ ಅಕ್ಕಾ, ಚೆನ್ನಾಗಿರೋದನ್ನ ಯಾಕೆ ಹಾಳು ಮಾಡ್ತಿದ್ದೀರಿ?"

"ಚೆನ್ನಾಗಿ ಮಾಡಿದ್ದೇ ತಪ್ಪಾಯ್ತು ಸಾರ್," ಎನ್ನುತ್ತಾರೆ ತಲೆಯೆತ್ತದೆ. "ಕೂತ್ಕೊಳ್ಳಿ, ಟೀ ಬರುತ್ತೆ."

ಬೀದಿಗೆಲ್ಲ ಇವರು ಪಂಕ್ಚರಕ್ಕ. ವಯಸ್ಸು ಐವತ್ತು ದಾಟಿದೆ. ಪೇಪರ್ ಹಾಕುವವರು, ಹಾಲು ತರುವವರು, ಬೆಳಗಿನ ಪಾಳಿಗೆ ಓಡುವವರು, ಎಲ್ಲರ ಗಾಲಿಯೂ ಒಂದಲ್ಲ ಒಂದು ದಿನ ಇವರ ಕೈಗೆ ಬಂದೇ ಬರುತ್ತದೆ. ದಿನಕ್ಕೆ ಹತ್ತು ಹನ್ನೆರಡು ಪಂಕ್ಚರ್, ಮಧ್ಯೆ ಬ್ರೇಕು, ಬೆಂಡು ತೆಗೆಯುವ ಕೆಲಸ. ಹೆಣ್ಣು ಸ್ಪ್ಯಾನರ್ ಹಿಡಿಯುವುದೇ ಎಂದು ಮೊದಮೊದಲು ಮೂಗು ಮುರಿದವರಿಗೇನೂ ಬರವಿರಲಿಲ್ಲ. "ಟ್ಯೂಬಿಗೇನು ಗೊತ್ತು ಸಾರ್, ಪ್ಯಾಚ್ ಹಾಕಿದ್ದು ಗಂಡೋ ಹೆಣ್ಣೋ ಅಂತ?" ಎಂದು ನಗುತ್ತಾರೆ. ಅದೇ ಮೂಗುಗಳು ಈಗ ಗಾಳಿ ಹಾಕಿಸಿಕೊಳ್ಳಲು ಸಾಲಿನಲ್ಲಿ ನಿಲ್ಲುತ್ತವೆ.

ಇಂದು ಮಾತ್ರ ಗಿರಾಕಿಗಳು ಕಾಯಬೇಕು. ಗೋಡೆಗೊರಗಿ ನಿಂತಿರುವುದು ಇವರ ಅಪ್ಪನ ಗಾಡಿ. ಸೈಕಲ್ಲಿಗೆ ಪುಟ್ಟ ಇಂಜಿನ್ ಕೂರಿಸಿದ ಹಳೇ ಕಾಲದ್ದು, ಬೇಕಾದಾಗ ಇಂಜಿನ್, ಬೇಡವಾದಾಗ ಪೆಡಲ್. ಅಪ್ಪ ನೂಲಿನ ಗಿರಣಿಯಲ್ಲಿ ರಾತ್ರಿ ಕಾವಲುಗಾರ. ಮಗಳು ಶಾಲೆ ಮುಗಿಸುವ ಮೊದಲೇ ತೀರಿಕೊಂಡರು. ಅಂದಿನಿಂದ ಗಾಡಿ ಹಿತ್ತಿಲಿನ ಟಾರ್ಪಾಲಿನ ಕೆಳಗೆ ಸೇರಿತು. ಗುಜರಿಯವನು ಬಂದಾಗೆಲ್ಲ ಅಮ್ಮ, "ನನ್ನನ್ನೂ ತೂಕಕ್ಕೆ ಹಾಕ್ಕೊಳ್ತೀಯೇನಪ್ಪಾ?" ಎಂದು ಅಟ್ಟುತ್ತಿದ್ದರಂತೆ.

ಅಮ್ಮನ ಕಣ್ಣು ಹೋಗಿ ವರ್ಷಗಳಾಗಿವೆ. ಈಗ ಕಿವಿಯೂ ಮಂದವಾಗುತ್ತಿದೆ. "ಪೂರ್ತಿ ಹೋಗೋದ್ರೊಳಗೆ ಒಂದು ಸಲ ಅಪ್ಪ ಮನೆಗೆ ಬರೋ ಸದ್ದು ಕೇಳಿಸ್ಬೇಕು ಅಂತ ಹಠ ಹಿಡಿದೆ," ಎನ್ನುತ್ತಾರೆ ಪಂಕ್ಚರಕ್ಕ. ತುಕ್ಕು ಉಜ್ಜಿ, ಜಾಮ್ ಆದ ಪಿಸ್ಟನ್ ಬಿಡಿಸಿ, ಊರೂರು ಅಲೆದು ಹಳೇ ಕಾರ್ಬೊರೇಟರ್ ಹುಡುಕಿ ತಂದರು. ನಜ್ಜಾಗಿದ್ದ ಚೈನ್ ಕವರನ್ನು ತಟ್ಟಿ ತಟ್ಟಿ ಕನ್ನಡಿಯಂತೆ ನೇರ ಮಾಡಿದರು. ಕಳೆದ ವಾರ ಇಂಜಿನ್ ಗುಡುಗಿಸುತ್ತಾ ಮನೆ ಬಾಗಿಲಿಗೇ ತಂದು ನಿಲ್ಲಿಸಿದರು.

ಒಳಗಿನಿಂದ ಅಮ್ಮ ಕೂಗಿದರು: "ಯಾರೋ ಬಂದ್ರು ನೋಡೇ!"

"ನನ್ನ ಎದೆ ಒಡೆದು ಹೋಯ್ತು ಸಾರ್. ‘ಅಪ್ಪನ ಗಾಡಿ ಕಣಮ್ಮಾ’ ಅಂದೆ. ‘ಗಾಡಿ ಇರಬಹುದು. ನಿಮ್ಮಪ್ಪ ಯಾವತ್ತು ಇಂಜಿನ್ ಹಾಕ್ಕೊಂಡು ಈ ಬೀದಿಗೆ ಬಂದಿದ್ರು? ಬೆಳಗಿನ ಜಾವ ಆ ತಿರುವಲ್ಲೇ ಆಫ್ ಮಾಡಿ ತುಳ್ಕೊಂಡು ಬರೋರು. ನೀನು ಎದ್ದುಬಿಡ್ತೀಯ ಅಂತ. ನೀನು ಅವರ ಹೆಗಲುದ್ದ ಬೆಳೆದ್ಮೇಲೂ ಬಿಡಲಿಲ್ಲ’ ಅಂದ್ರು."

ಮಗಳಿಗೆ ಗೊತ್ತಿದ್ದದ್ದು ರಜಾದಿನ ಕ್ಯಾರಿಯರ್ ಮೇಲೆ ಕೂತು ಕೇಳಿದ ಇಂಜಿನ್ ಸದ್ದು ಮಾತ್ರ. ಅಪ್ಪ ಮನೆಗೆ ಬರುವ ಸದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳಬಾರದೆಂದೇ ಅಪ್ಪ ಅಷ್ಟು ಪಾಡು ಪಟ್ಟಿದ್ದರು.

ಮರುದಿನ ತಿರುವಿನಿಂದ ತುಳಿದುಕೊಂಡು ಬಂದರು. ಅಮ್ಮನಿಗೆ ಏನೂ ಕೇಳಲಿಲ್ಲ. "ಇದೇನೇ, ಬೆಕ್ಕು ಬಂದ ಹಾಗೆ ಬರ್ತೀಯ? ಪೆಡಲ್ ಒಂದೊಂದು ಸುತ್ತಿಗೂ ಟಕ್ ಅನ್ನೋದು. ಮೋರಿ ಕಲ್ಲಿಗೆ ಗುದ್ದಿ ಕವರ್ ಉಬ್ಬಿತ್ತಲ್ಲ, ನಾಳೆ ಸರಿ ಮಾಡಿಸ್ತೀನಿ ಅಂತಲೇ ಕಾಲ ಕಳೆದ್ರು ಪುಣ್ಯಾತ್ಮ!" ಕೆಲಸಗಾರ್ತಿಯ ಕೈಗೆ ಸೊಟ್ಟದ್ದು ಕಂಡರೆ ಸುಮ್ಮನಿರಲಾಗದು. ಆ ಟಕ್ ಸದ್ದನ್ನೇ ತಟ್ಟಿ ತೆಗೆದುಬಿಟ್ಟಿದ್ದರು.

ಅದಕ್ಕೇ ಈ ಸುತ್ತಿಗೆ. ಕವರ್ ಕೂರಿಸಿ ಪೆಡಲ್ ತಿರುಗಿಸುತ್ತಾರೆ, ಕೇಳುತ್ತಾರೆ, ಬಿಚ್ಚಿ ಮತ್ತೆ ಬಡಿಯುತ್ತಾರೆ. ಉಬ್ಬು ಹೆಚ್ಚಾದರೆ ಪೆಡಲ್ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಸದ್ದೇ ಇಲ್ಲ. ಕೊನೆಗೆ ಸಮಾಧಾನವಾಗಿ, ನನ್ನನ್ನು ಮನೆಗೆ ಕರೆದೊಯ್ದು ಅಮ್ಮನ ಬಳಿ ಕೂರಿಸಿ ಗಾಡಿ ಹತ್ತಿ ಹೋಗುತ್ತಾರೆ.

ದೂರದಿಂದ ಇಂಜಿನ್ ಸದ್ದು ಬರುತ್ತದೆ. ತಿರುವಿನಲ್ಲಿ ನಿಲ್ಲುತ್ತದೆ. ಆಮೇಲೆ, ಟಕ್. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ಮಂಚದ ಮೇಲಿದ್ದ ಅಮ್ಮ ಕೆದರಿದ ಕೂದಲನ್ನು ಸವರಿಕೊಳ್ಳುತ್ತಾರೆ. ಸದ್ದು ಬಾಗಿಲಿಗೆ ಬಂದು ನಿಂತಾಗ ಪಿಸುಗುಡುತ್ತಾರೆ.

"ಬಂದ್ರಾ? ಮೆಲ್ಲಗೆ ಬನ್ನಿ, ಮಗು ಮಲಗಿದೆ."

ಮರುಕ್ಷಣವೇ, "ಥೂ, ಬಾಯಿ ತಪ್ಪಿ ಬಂದುಬಿಡ್ತು!" ಎಂದು ನಗುತ್ತಾ ಸೆರಗಿಗೆ ಕಣ್ಣೊತ್ತಿಕೊಳ್ಳುತ್ತಾರೆ. ಹೊಸ್ತಿಲಲ್ಲಿ ಗ್ರೀಸ್ ಕೈಯಲ್ಲಿ ನಿಂತ ಮಗಳಿಗೆ ಒಳಗೆ ಬರಲು ಆಗುವುದಿಲ್ಲ.

ಅಂಗಡಿಗೆ ಮರಳುವಾಗ ಗಾಡಿ ತಳ್ಳುತ್ತಲೇ ಕೇಳುತ್ತಾರೆ: "ಸಾರ್, ನಿಮಗೆ ಸೈಕಲ್ ತುಳಿಯೋಕೆ ಬರುತ್ತೆ ತಾನೆ? ನಾಳೆ ಬೆಳಗಿನ ಜಾವ ಒಂದು ಸಲ ಆ ತಿರುವಿಂದ ತುಳ್ಕೊಂಡು ಬರ್ತೀರಾ? ನಾನು ಒಳಗೆ ಹೊದ್ದು ಮಲಗಿರ್ತೀನಿ. ಈ ಸಲ ಎಚ್ಚರವಾಗಿರ್ತೀನಿ."